ಹನ್ನೊಂದನೇ ಬಾವಿಗೆ ಹಸಿರು

ಆಗಸ್ಟ್ 4

ಅಪ್ಪ,

ಸೀಟು ಸಿಕ್ತು. ಇಷ್ಟನ್ನ ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ಓದು. ಪಿಎಚ್.ಡಿ. ಸೀಟು, ಮೂರು ವರ್ಷದ ವಿದ್ಯಾರ್ಥಿವೇತನ ಸಮೇತ. ಇದು ನನ್ನ ಮೂರನೇ ಅರ್ಜಿ. ವಯಸ್ಸು ಮೀರಿತು ಅಂತ ಬಾಗಿಲು ಹಾಕೋಕೆ ಎರಡೇ ತಿಂಗಳು ಬಾಕಿ ಇತ್ತು. ಇದೂ ತಪ್ಪಿದ್ದರೆ ಹೈಸ್ಕೂಲಲ್ಲಿ ಆಮ್ಲ, ಪ್ರತ್ಯಾಮ್ಲ ಅಂತ ಬೋರ್ಡಿಗೆ ಸೀಮೆಸುಣ್ಣ ತೇಯ್ತಾನೇ ಮುದುಕಿ ಆಗ್ತಿದ್ದೆ.

ಫೋನ್ ಮಾಡಿದರೆ ನಿನಗೆ ಕೇಳಿಸಲ್ಲ. ಮಾವನ ಬಾಯಲ್ಲಿ ಹೇಳಿ ಕಳಿಸಿದರೆ ಅವನು ಒಂದಕ್ಕೆ ಹತ್ತು ಸೇರಿಸ್ತಾನೆ. ಅದಕ್ಕೇ ಕಾಗದ. ನಾನು ಚಿಕ್ಕವಳಿದ್ದಾಗ ನೀನು ಕ್ಯಾಂಪಿನಿಂದ ಬರೀತಿದ್ದೆ, ಈಗ ನನ್ನ ಸರದಿ.

ಏನು ಓದ್ತಾಳೆ ಅಂತ ಬೀದಿಯವರು ಕೇಳ್ತಾರೆ, ಹೀಗೆ ಹೇಳು. ಕಾರ್ಖಾನೆ ಚಿಮಣಿಯಿಂದ ಹೊರಡೋ ಇಂಗಾಲದ ಡೈ ಆಕ್ಸೈಡನ್ನ ಗಾಳಿಗೆ ಬಿಡದೆ ಹಿಡಿದು, ಒತ್ತಿ, ನೆಲದ ಕೆಳಗೆ ಒಂದು ಮೈಲಿ ಆಳದ ಬಂಡೆಯೊಳಗೆ ಕೂಡಿಡೋದು. ಸೋಡಾ ಬಾಟಲಿಯಲ್ಲಿ ಗುಳ್ಳೆ ಏಳುತ್ತಲ್ಲ, ಅದೇ ಅನಿಲ. ಹಿಂದೆ ಉರಿಯೋ ಅನಿಲ ತೆಗೆದು ಖಾಲಿ ಮಾಡಿದ ಬಂಡೆಗಳಿದ್ದಾವಲ್ಲ, ಅಲ್ಲೇ ಇದನ್ನ ತುಂಬೋದು. ಬಂಡೆ ಮೇಲೆ ಗಟ್ಟಿ ಜೇಡಿಕಲ್ಲಿನ ಹಾಸು ಇದೆ, ಅನಿಲ ಮೇಲಕ್ಕೆ ಬರಲ್ಲ. ಆದರೆ ನಿನ್ನಂಥವರು ಆ ಹಾಸಿಗೆ ಮೂವತ್ತೊಂದು ಕಡೆ ತೂತು ಹೊಡೆದು ಹೋಗಿದ್ದೀರಿ.

ಜಾಹೀರಾತಲ್ಲಿ ನಾಲ್ಕು ಸೀಟಿತ್ತು. ಒಂದು, ಬಂಡೆಯ ಸೂಕ್ಷ್ಮ ರಂಧ್ರ. ಎರಡು, ಆಳದ ನೀರು ಹುಳಿಯಾಗೋದು. ಮೂರು, ನೀವು ತೂತು ಹೊಡೆದ ಹಳೇ ಅನಿಲ ಬಾವಿಗಳ ಸಿಮೆಂಟ್ ಮುಚ್ಚಳ. ನಾಲ್ಕು, ಅನಿಲ ತುಂಬುವಾಗ ನೆಲ ಸಣ್ಣಗೆ ನಡುಗೋದನ್ನ ಯಂತ್ರ ಇಟ್ಟು ಕೇಳೋದು. ನನಗೆ ಸಿಕ್ಕಿದ್ದು ಮೂರನೆಯದು. ಜಾಗ ಯಾವುದು ಗೊತ್ತಾ? ನಿನ್ನ ಹಳೇ ಬಯಲು ಕ್ಯಾಂಪು. ಸಂದರ್ಶನದಲ್ಲಿ, ಅಲ್ಲಿನ ಬಾವಿಗಳನ್ನ ಮುಚ್ಚಿದ ತಂಡದಲ್ಲಿ ನಮ್ಮಪ್ಪನೂ ಇದ್ದರು ಅಂದೆ. ನಮ್ಮ ಗೈಡು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಸೀಟು ಅರ್ಧ ನಿನ್ನಿಂದಲೇ ಸಿಕ್ಕಿದ್ದು ಅಂದುಕೋ.

ನಿನ್ನ ಮಗಳು


ಆಗಸ್ಟ್ 8

ನಮ್ಮ ಜಗಮೊಂಡಿಗೆ,

ನಿನ್ನ ಕಾಗದ ನಿನ್ನೆ ಬಂತು. ಮೂರೇ ದಿನಕ್ಕೆ. ಮಾವ ಅದನ್ನ ಕಿತ್ತುಕೊಂಡು ಓದಿ ಬೀದಿಗೆಲ್ಲ ಸಕ್ಕರೆ ಹಂಚಿದ. ಅಕ್ಕನ ಮಗಳು ಡಾಕ್ಟರು ಅಂತ ಹೇಳಿಕೊಂಡು ತಿರುಗ್ತಿದ್ದಾನೆ. ಪಕ್ಕದ ಮನೆ ಅಜ್ಜಿ ಮಂಡಿನೋವು ತೋರಿಸೋಕೆ ನೀನು ಯಾವಾಗ ಬರ್ತೀಯ ಅಂತ ಕೇಳಿ ಹೋದಳು. ಈ ಡಾಕ್ಟರು ನೆಲಕ್ಕೆ ಮದ್ದು ಕೊಡೋಳು ಅಂದೆ. ನಿಮ್ಮಮ್ಮ ಇದ್ದಿದ್ದರೆ ಇವತ್ತು ಕಾಲು ನೆಲಕ್ಕೆ ಊರ್ತಿರಲಿಲ್ಲ.

ನಾನು ಚೆನ್ನಾಗಿದ್ದೀನಿ. ಕೆಳಗೆ ಮಾವನ ಸಂಸಾರ, ಮೇಲಿನ ಕೋಣೆಯಲ್ಲಿ ನಾನು. ನೀರಿನ ಪಂಪು ರಿಪೇರಿಗೆ ದಿನಕ್ಕೆ ಒಂದೋ ಎರಡೋ ಬರುತ್ತೆ. ಅಷ್ಟು ಸಾಕು.

ಒಂದು ಮಾತು. ನಾಲ್ಕು ಸೀಟಿದ್ದವು ಅಂದೆಯಲ್ಲ, ನಾಲ್ಕನೆಯದನ್ನ ತಗೋ. ಅಪ್ಪನ ಕಿವಿ ಇಂಜಿನ್ ಸದ್ದಿಗೆ ಹೋಯ್ತು, ಮಗಳ ಕಿವಿಯಾದರೂ ಕೆಲಸಕ್ಕೆ ಬರಲಿ. ಹಳೇ ಬಾವಿ ಅಂದರೆ ತುಕ್ಕು, ಕೆಸರು, ಗೆದ್ದಲು ತಿಂದ ಕಡತ. ಅದರಲ್ಲಿ ಏನು ಸಿಗುತ್ತೆ ಹೇಳು. ನಿಮ್ಮ ಗೈಡ್ ಹತ್ತಿರ ಕೇಳಿ ಬದಲಾಯಿಸಿಕೋ. ಹೊಸದರಲ್ಲೇ ಕೇಳಿದರೆ ಯಾರೂ ತಪ್ಪು ತಿಳಿಯಲ್ಲ.

ಅಪ್ಪ


ಅಕ್ಟೋಬರ್ 12

ಅಪ್ಪ,

ಇಷ್ಟು ದಿನ ಬರೀದೇ ಇದ್ದಿದ್ದಕ್ಕೆ ಕೋಪ ಅನ್ಕೋ. ಮೂರು ಸಲ ಅರ್ಜಿ ಹಾಕಿ ಪಡೆದ ಸೀಟನ್ನ ಬಿಡು ಅಂದೆಯಲ್ಲ, ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಯೋಚಿಸಿದೆ. ಮಗಳು ಕೆಸರಲ್ಲಿ ಓಡಾಡೋದು ನಿನಗೆ ಬೇಡ, ಅಷ್ಟೇ ತಾನೆ. ಉಳಿದ ಸೀಟೆಲ್ಲ ಆಗಲೇ ಬೇರೆಯವರ ಪಾಲಾಗಿದೆ. ನಾನು ಇಲ್ಲೇ ಇರ್ತೀನಿ.

ಕ್ಯಾಂಪು ನೀನು ನೋಡಿದ ಹಾಗಿಲ್ಲ. ತಗಡಿನ ಊಟದ ಮನೆ ಈಗ ನಮ್ಮ ಪ್ರಯೋಗಾಲಯ. ಗೋಡೆ ಮೇಲೆ ಇನ್ನೂ ಎಣ್ಣೆ ಜಿಡ್ಡಿದೆ. ನನ್ನ ಮೇಜಿನ ಒಂದು ಕಾಲು ಗಿಡ್ಡ, ಅದಕ್ಕೆ ಸಿಮೆಂಟ್ ತುಂಡು ಕೊಟ್ಟಿದ್ದೀನಿ. ಹೊರಗಡೆ ಬಾವಿಗಳ ಬಾಯಿ ಸುತ್ತ ಆಳೆತ್ತರದ ಕಾಂಕ್ರೀಟ್ ಗುಂಡಿಗಳು. ಆ ಗುಂಡಿಗೆ ಇಳಿದು ಒತ್ತಡದ ಗೇಜು ಓದಿ ಬರೆದುಕೊಳ್ಳೋಕೆ ಒಬ್ಬರಿದ್ದಾರೆ. ಎಲ್ಲರೂ ಅವರನ್ನ ಗೇಜಣ್ಣ ಅಂತಾರೆ. ದಿನಾ ಬೆಳಿಗ್ಗೆ ಮೂವತ್ತೊಂದು ಗುಂಡಿ ಇಳಿದು ಹತ್ತುತ್ತಾರೆ. ನಾನು ಬೂಟಿನ ಲೇಸು ಕಟ್ಟೋಕೆ ಬರದೆ ಬಿದ್ದಾಗ, ಡಾಕ್ಟರಮ್ಮ, ಮೊದಲು ಇದರಲ್ಲಿ ಪಾಸಾಗಿ ಅಂದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಲೆಕ್ಕದ ಪುಸ್ತಕ ತಂದು ನನ್ನ ಹತ್ತಿರ ಹೇಳಿಸಿಕೊಂಡು ಹೋಗಿ ಅವಳಿಗೆ ಹೇಳಿಕೊಡ್ತಾರೆ.

ಈಗ ಮುಖ್ಯ ವಿಷಯ. ಕಡತದ ಕೋಣೆಯಲ್ಲಿ ಹನ್ನೊಂದನೇ ಬಾವಿಯ ಕಾಗದ ತೆಗೆದೆ. ಕೊನೇ ಹಾಳೆಯಲ್ಲಿ, ‘ಮುಚ್ಚಳದ ಮೇಲೆ ಭಾರ ಇಟ್ಟು ನೋಡಿದೆ, ಗಟ್ಟಿ ಇದೆ’ ಅಂತ ಬರೆದು ಕೆಳಗೆ ನಿನ್ನ ಸಹಿ. ಅದೇ ಬಾಲ ಎಳೆದ ಸಹಿ, ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಹಾಕ್ತಿದ್ದೆಯಲ್ಲ ಅದೇ. ಉಳಿದ ಬಾವಿಗಳಿಗೆ ಬೇರೆ ಬೇರೆಯವರ ಸಹಿ. ನಿನ್ನದು ಇದೊಂದೇ. ಹಾಳೆ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ ಅಪ್ಪ. ಅಲ್ಲಿದ್ದ ಗುಮಾಸ್ತ ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ನಿನ್ನ ಮಗಳು


ನವೆಂಬರ್ 20

ಮಗಳೇ,

ಬೆನ್ನು ಹಿಡಿದುಕೊಂಡಿತ್ತು, ಅದಕ್ಕೆ ಬರೆಯೋಕೆ ತಡವಾಯ್ತು.

ಮೂವತ್ತು ವರ್ಷದ ಹಿಂದಿನ ಕಾಗದ ನಂಬಿ ಕೂರಬೇಡ. ತಂಡದಲ್ಲಿ ಅರ್ಧ ಜನ ಆಗ ಹುಡುಗರು. ಮುಚ್ಚಳದ ಮೇಲೆ ಕೊಳವೆ ಇಳಿಸಿ ಭಾರ ಕೂರಿಸಿ ನೋಡೋದಕ್ಕೆ ನಾವು ‘ತಲೆ ಮುಟ್ಟೋದು’ ಅಂತಿದ್ವಿ. ನೀನೇ ತಲೆ ಮುಟ್ಟಿ ನೋಡು. ಯಾರ ಸಹಿ ಇದ್ದರೂ ಮುಟ್ಟಿ ನೋಡು. ಎಲ್ಲ ಬಾವಿಗೂ ಇದೇ ಮಾತು.

ಚಳಿ ಇದೆಯಾ ಅಲ್ಲಿ? ಆ ಬಯಲಲ್ಲಿ ಗಾಳಿ ಜಾಸ್ತಿ. ಕಿವಿಗೆ ಬಟ್ಟೆ ಕಟ್ಟಿಕೋ.

ಅಪ್ಪ


ಫೆಬ್ರವರಿ 26

ಅಪ್ಪ,

ನಿನ್ನ ಉಪದೇಶದ ಕಾಗದ ಮೇಜಿನ ಮುಂದೆ ಅಂಟಿಸಿದ್ದೆ. ‘ತಲೆ ಮುಟ್ಟು’ ಅನ್ನೋದು ಇಲ್ಲಿ ಎಲ್ಲರ ಬಾಯಲ್ಲೂ ಬಂದುಬಿಟ್ಟಿದೆ. ಗೇಜಣ್ಣ ಚಹಾದ ಲೋಟಕ್ಕೂ ತಲೆ ಮುಟ್ಟಿ ನೋಡ್ತಾರೆ.

ನಿನ್ನೆ ನನ್ನ ಮೊದಲ ವರದಿ ಕೊಟ್ಟೆ. ಮೂವತ್ತೊಂದು ಬಾವಿಗೂ ಬಣ್ಣ ಹಾಕಬೇಕಿತ್ತು. ಗಟ್ಟಿ ಇರೋದಕ್ಕೆ ಹಸಿರು, ಅನುಮಾನಕ್ಕೆ ಹಳದಿ, ಕೆಟ್ಟಿದ್ದಕ್ಕೆ ಕೆಂಪು. ಹಳದಿ, ಕೆಂಪು ಬಾವಿಗಳ ಗುಂಡಿಯಲ್ಲಿ ಅನಿಲ ಸೋರಿದರೆ ಕೂಗೋ ಯಂತ್ರ ಇಡ್ತಾರೆ, ಮುಖಕ್ಕೆ ಮಾಸ್ಕ್ ಇಲ್ಲದೆ ಯಾರೂ ಇಳಿಯೋ ಹಾಗಿಲ್ಲ. ಹಸಿರಿಗೆ ಅದೇನೂ ಬೇಡ.

ಎಲ್ಲವನ್ನೂ ಮತ್ತೆ ಕೊರೆದು ತಲೆ ಮುಟ್ಟೋದಕ್ಕೆ ಆಗಲಿಲ್ಲ. ಕೊರೆಯೋ ಯಂತ್ರ ನಮಗೆ ಸಿಕ್ಕಿದ್ದು ಒಂದೇ ತಿಂಗಳು, ಆರು ಬಾವಿ ಮಾತ್ರ ಆರಿಸಿಕೋ ಅಂದರು. ಆರನೆಯದಕ್ಕೆ ಹನ್ನೊಂದೋ ಇಪ್ಪತ್ತೆರಡೋ ಅಂತ ಪ್ರಶ್ನೆ ಬಂತು. ಹನ್ನೊಂದರ ಹಾಳೆಯಲ್ಲಿ ಸಿಮೆಂಟ್ ಎಷ್ಟು ಹೊತ್ತು ಆರಿಸಿದರು ಅನ್ನೋದೇ ಬರೆದಿಲ್ಲ. ಬೇರೆ ಯಾರ ಸಹಿಯಾಗಿದ್ದರೂ ಹಳದಿ ಹಾಕ್ತಿದ್ದೆ. ನಿನ್ನ ಕೈ ನನಗೆ ಗೊತ್ತಿಲ್ವಾ? ಒಂದು ಪಂಪಿನ ವಾಷರ್ ಸರಿ ಕೂರಲಿಲ್ಲ ಅಂತ ಮೂರು ಸಲ ಬಿಚ್ಚೋ ಮನುಷ್ಯ ನೀನು. ಹನ್ನೊಂದಕ್ಕೆ ಹಸಿರು ಹಾಕಿ ಇಪ್ಪತ್ತೆರಡನ್ನ ಕೊರೆಸಿದೆ. ಗೈಡ್ ಯಾಕೆ ಅಂತ ಕೇಳಲಿಲ್ಲ.

ಮಾರ್ಚ್ 9ಕ್ಕೆ ಅನಿಲ ತುಂಬೋಕೆ ಶುರು. ದೊಡ್ಡ ದೊಡ್ಡವರು ನೋಡೋಕೆ ಬರ್ತಾರೆ. ಅದು ಸುಸೂತ್ರವಾಗಿ ಆದರೆ ನನ್ನ ಸೀಟು ಮುಂದಿನ ವರ್ಷಕ್ಕೆ ಗಟ್ಟಿ. ಇಲ್ಲದಿದ್ದರೆ ಮೊದಲ ವರ್ಷಕ್ಕೇ ಮನೆಗೆ ಕಳಿಸ್ತಾರೆ, ಇಲ್ಲಿನ ನಿಯಮ ಹಾಗಿದೆ. ಮಾವನಿಗೆ ಹೇಳು, ಸಕ್ಕರೆ ಡಬ್ಬ ತುಂಬಿಸಿಡಲಿ.

ನಿನ್ನ ಮಗಳು


ಮಾರ್ಚ್ 2

ಮಗಳೇ,

ಈ ಕಾಗದ ಒಬ್ಬಳೇ ಇರುವಾಗ ಓದು.

ಹನ್ನೊಂದನೇ ಬಾವಿಯ ಮುಚ್ಚಳ ಗಟ್ಟಿ ಇಲ್ಲ. ನಾನು ಬರೆದಿದ್ದು ಸುಳ್ಳು. ಅದರ ಬಣ್ಣ ಇವತ್ತೇ ಬದಲಾಯಿಸು, ಯಾರನ್ನೂ ಆ ಗುಂಡಿಗೆ ಇಳಿಸಬೇಡ, ಅನಿಲ ತುಂಬೋದನ್ನ ನಿಲ್ಲಿಸು. ಮೊದಲು ಇದನ್ನ ಮಾಡು, ಕಾರಣ ಆಮೇಲೆ ಓದು.

ಕಾರಣ ಇದು. ಆವತ್ತು ಸಿಮೆಂಟ್ ಕಲಸಿದ್ದು ನಿನ್ನ ಮಾವ. ನಿಮ್ಮಮ್ಮ ಹಟ ಹಿಡಿದು ನನ್ನ ಕೈಲಿ ಅವನನ್ನ ತಂಡಕ್ಕೆ ಸೇರಿಸಿದ್ದಳು. ಆಗಲೇ ಒಂದು ಸಲ ತಪ್ಪು ಮಾಡಿ ಬೈಸಿಕೊಂಡಿದ್ದ, ಇನ್ನೊಂದು ತಪ್ಪಾದರೆ ಮನೆಗೆ ಹೋಗು ಅಂದಿದ್ದರು. ಪಂಪು ಕಟ್ಟಿಕೊಳ್ತಿದೆ ಅಂತ ಅವನು ಸಿಮೆಂಟಿಗೆ ನೀರು ಜಾಸ್ತಿ ಬಿಟ್ಟ. ಮಾರನೇ ದಿನ ತಲೆ ಮುಟ್ಟೋಕೆ ನಾನು ಕೊಳವೆ ಇಳಿಸಿದೆ. ಭಾರ ಕೂರಲೇ ಇಲ್ಲ, ಮೊಸರಲ್ಲಿ ಚಮಚ ಇಳಿದ ಹಾಗೆ ಇಳೀತು. ಕೈಗೆ ಗೊತ್ತಾಗುತ್ತೆ ಮಗಳೇ, ಅದಕ್ಕೆ ಓದು ಬೇಕಾಗಿಲ್ಲ. ಮೇಸ್ತ್ರಿ ಬಂದು ಏನಾಯ್ತು ಅಂದ. ಗಟ್ಟಿ ಇದೆ ಅಂದೆ. ಬರೆದುಕೊಡು ಅಂದ, ಬರೆದುಕೊಟ್ಟೆ. ಆ ನೀರಿಗೆ ಮುಚ್ಚಳ ಕೆಟ್ಟಿತು ಅಂತ ನಿನ್ನ ಮಾವನಿಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೆ ಹೇಳಬೇಡ, ತಡಕೊಳ್ಳಲ್ಲ.

ಖಾಲಿ ಬಾವಿ, ಒಳಗೆ ಏನೂ ಉಳಿದಿಲ್ಲ, ಮುಚ್ಚಳ ಹೇಗಿದ್ದರೇನು ಅಂತ ನನಗೆ ನಾನೇ ಹೇಳಿಕೊಂಡೆ. ಆ ಖಾಲಿ ಬಂಡೆಗೆ ಮತ್ತೆ ತುಂಬ್ತಾರೆ ಅಂತ ಯಾರು ಕನಸು ಕಂಡಿದ್ದರು.

ಆಗಸ್ಟಲ್ಲೇ ಹೇಳಬೇಕಿತ್ತು. ನಾಲ್ಕನೇ ಸೀಟು ತಗೋ ಅಂತ ಸುತ್ತಿ ಬಳಸಿ ಹೇಳಿದೆ. ಮುಟ್ಟಿ ನೋಡು ಅಂತ ಬರೆದೆ. ಹನ್ನೊಂದು ಅನ್ನೋ ಸಂಖ್ಯೆ ಬರೆಯೋಕೆ ಮಾತ್ರ ಕೈ ಬರಲಿಲ್ಲ. ನೀನು ನನ್ನ ಸಹಿ ಮೇಲೆ ಕೈಯಿಟ್ಟು ಕೂತಿದ್ದೆ ಅಂತ ಓದಿದ ಮೇಲೆ ಇನ್ನೂ ಕಷ್ಟವಾಯ್ತು. ನಿನ್ನ ಕಣ್ಣಲ್ಲಿ ಸಣ್ಣವನಾಗೋಕೆ ಹೆದರಿದೆ, ಬೇರೆ ಏನೂ ಅಲ್ಲ.

ನಿನ್ನ ಕಾಗದ ನಿನ್ನೆ ಬಂತು. ಓದಿದವನೇ ಫೋನಲ್ಲಿ ಹೇಳಿಬಿಡೋಣ ಅಂತ ಮೂಲೆ ಅಂಗಡಿಗೆ ಹೋದೆ. ನಾನು ಮಾತಾಡಿದರೆ ಬೀದಿಗೆಲ್ಲ ಕೇಳುತ್ತೆ, ನೀನು ಮಾತಾಡಿದರೆ ನನಗೆ ಕೇಳಲ್ಲ. ಮಾವ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ವಾಪಸ್ ಬಂದೆ. ಇದನ್ನ ಈಗಲೇ ಹೋಗಿ ಅಂಚೆಗೆ ಹಾಕ್ತೀನಿ. ಐದಕ್ಕೆ ನಿನ್ನ ಕೈ ಸೇರುತ್ತೆ, ಒಂಬತ್ತಕ್ಕೆ ಇನ್ನೂ ನಾಲ್ಕು ದಿನ ಇರುತ್ತೆ.

ನಿನ್ನ ಅಪ್ಪ


ಮಾರ್ಚ್ 17

ಅಪ್ಪನವರಿಗೆ,

ಗೇಜಣ್ಣ ಸತ್ತರು. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಏಳೂವರೆಗೆ, ಹನ್ನೊಂದನೇ ಬಾವಿಯ ಗುಂಡಿಯಲ್ಲಿ. ಈ ಅನಿಲ ಗಾಳಿಗಿಂತ ಭಾರ. ಸೋರಿ ಬಂದದ್ದು ಗುಂಡಿಯಲ್ಲಿ ನೀರಿನ ಹಾಗೆ ನಿಂತಿತ್ತು. ಬಣ್ಣ ಇಲ್ಲ, ವಾಸನೆ ಇಲ್ಲ. ಏಣಿಯ ಕೊನೇ ಮೆಟ್ಟಿಲ ಹತ್ತಿರ ಬಿದ್ದಿದ್ದರು. ಎರಡು ಉಸಿರಿಗೇ ಎಚ್ಚರ ತಪ್ಪಿರುತ್ತೆ ಅಂತ ಡಾಕ್ಟರು ಹೇಳಿದರು. ಎತ್ತೋಕೆ ಇಳಿದ ಇನ್ನೊಬ್ಬರನ್ನ ಹಗ್ಗ ಹಾಕಿ ಎಳೆದುಕೊಂಡರು, ಅವರು ಆಸ್ಪತ್ರೆಯಲ್ಲಿದ್ದಾರೆ, ಬದುಕ್ತಾರೆ.

ಅನಿಲ ತುಂಬೋದನ್ನ ನಿಲ್ಲಿಸಿದ್ದಾರೆ. ತನಿಖೆಗೆ ಜನ ಬಂದಿದ್ದಾರೆ.

ನಿಮ್ಮ ಪತ್ರ ನಿನ್ನೆ ತಲುಪಿತು.

ಇಂತಿ


ಮಾರ್ಚ್ 21

ಮಗಳೇ,

ಓದಿದೆ. ಮತ್ತೆ ಓದಿದೆ. ಆಮೇಲೆ ಬಿಚ್ಚಿಟ್ಟಿದ್ದ ಪಂಪನ್ನ ಹಾಗೇ ಮೂಟೆ ಕಟ್ಟಿ ಅದರ ಯಜಮಾನನಿಗೆ ವಾಪಸ್ ಕೊಟ್ಟು ಬಂದೆ.

ನಾನು ಕೊಂದೆ ಅವನನ್ನ. ಸುತ್ತಿ ಬಳಸಿ ಹೇಳೋಕೆ ಏನೂ ಉಳಿದಿಲ್ಲ. ಆಗಸ್ಟ್, ನವೆಂಬರ್, ಎರಡು ಸಲ ಕಾಗದ ಪೆನ್ನು ಹಿಡಿದು ಕೂತವನು ಒಂದು ಸಂಖ್ಯೆ ಬರೀಲಿಲ್ಲ. ಅಂಚೆಯವರನ್ನ ಬೈಯೋಣ ಅಂದರೆ, ಏಳು ತಿಂಗಳು ತಡ ಮಾಡಿದ ನಾನು ಯಾವ ಬಾಯಲ್ಲಿ ಅವರಿಗೆ ಹೇಳಲಿ.

ಮೂವತ್ತೈದು ವರ್ಷದಲ್ಲಿ ಮೊದಲ ಸಲ ನನಗೆ ನೀವು ಅಂತ ಬರೆದಿದ್ದೀಯ. ಸರಿಯಾಗೇ ಮಾಡಿದ್ದೀಯ. ನಾನೇ ನಿನ್ನ ಜಾಗದಲ್ಲಿದ್ದರೆ ಕಾಗದವನ್ನೂ ಬರೀತಿರಲಿಲ್ಲ.

ತನಿಖೆಯವರ ಮುಂದೆ ಬಂದು ಎಲ್ಲ ಹೇಳ್ತೀನಿ. ಮಗಳ ತಪ್ಪಿಲ್ಲ, ಅವಳು ನನ್ನ ಸಹಿ ನಂಬಿದಳು ಅಂತ ಹೇಳ್ತೀನಿ. ಅವನ ಹೆಂಡತಿಯ ಕಾಲು ಹಿಡೀತೀನಿ. ನಿನ್ನ ಓದು ನಿಲ್ಲಬಾರದು.

ಅಪ್ಪ


ಮಾರ್ಚ್ 25

ಅಪ್ಪನವರಿಗೆ,

ದಯವಿಟ್ಟು ಬರಬೇಡಿ. ನಿಮ್ಮ ಬೆನ್ನಿಗೆ ಎಂಟು ಗಂಟೆ ಬಸ್ಸು ಆಗಲ್ಲ. ಇಲ್ಲಿ ನಿಮ್ಮನ್ನ ನೋಡಿಕೊಳ್ಳೋಕೆ ನನಗೂ ಆಗಲ್ಲ. ಕಾರಣ ಇನ್ನೂ ಖಚಿತವಾಗಿಲ್ಲ, ಬಂಡೆ ಬೇರೆ ಕಡೆ ಬಿರುಕು ಬಿಟ್ಟಿರಬಹುದು ಅಂತ ಗೈಡ್ ಹೇಳ್ತಿದ್ದಾರೆ. ನೀವು ಬಂದು ಏನಾದರೂ ಹೇಳಿದರೆ ಗೊಂದಲ ಹೆಚ್ಚುತ್ತೆ. ಪತ್ರದ ವಿಷಯವನ್ನಂತೂ ಯಾರ ಹತ್ತಿರವೂ ಎತ್ತಬೇಡಿ. ಅದು ಬಂದದ್ದೇ ತಡವಾಗಿ, ಅದರಿಂದ ಈಗ ಯಾರಿಗೂ ಪ್ರಯೋಜನ ಇಲ್ಲ.

ಗೇಜಣ್ಣನ ಹೆಂಡತಿಯನ್ನ ನೋಡೋಕೆ ಹೋಗಿದ್ದೆ. ಬಾಗಿಲವರೆಗೂ ಹೋಗಿ ವಾಪಸ್ ಬಂದೆ.

ಇಂತಿ


ಏಪ್ರಿಲ್ 3

ಮಗಳೇ,

ನಿನ್ನ ಮಾತು ಮೀರಿ ನಿನ್ನೆ ಬಂದಿದ್ದೆ. ನಿನಗೆ ಮುಖ ತೋರಿಸೋಕೆ ಧೈರ್ಯ ಬರಲಿಲ್ಲ. ನಿನಗೂ ನನ್ನ ಮುಖ ಬೇಡವಾಗಿದೆ ಅಂತ ಗೊತ್ತು. ಬೆಳಿಗ್ಗೆ ಬಸ್ಸಿಳಿದು ಸಂಜೆ ಬಸ್ಸಿಗೆ ವಾಪಸ್ ಬಂದೆ.

ತನಿಖೆ ನಡೆಯೋ ಕೋಣೆ ಹೊರಗೆ ಉದ್ದದ ಕಾರಿಡಾರು, ಆರು ಕಬ್ಬಿಣದ ಕುರ್ಚಿ. ಎಲ್ಲ ತುಂಬಿದ್ದವು. ಒಬ್ಬ ಹೆಂಗಸು ಎದ್ದು, ಕೂತ್ಕೊಳ್ಳಿ ಯಜಮಾನ್ರೇ ಅಂತ ಕೈಸನ್ನೆ ಮಾಡಿ ನನಗೆ ಕುರ್ಚಿ ಬಿಟ್ಟುಕೊಟ್ಟಳು. ಗೋಡೆಗೆ ಒರಗಿ ನಿಂತಳು. ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡ ಹುಡುಗಿ. ಅವಳನ್ನ ಒಳಗೆ ಕರೆದ ಮೇಲೆ ಪಕ್ಕದವರು ಬಾಗಿಲ ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದರು, ಗೇಜಣ್ಣನ ಹೆಂಡತಿ. ಕಾಲು ಹಿಡೀತೀನಿ ಅಂತ ಬಂದವನು ಅವಳ ಕುರ್ಚಿಯಲ್ಲೇ ಕೂತಿದ್ದೆ.

ನನಗೆ ಕಿವಿ ಕೇಳಲ್ಲ ಅಂತ ಅಧಿಕಾರಿ ಪ್ರಶ್ನೆಗಳನ್ನ ಚೀಟಿ ಮೇಲೆ ಬರೆದು ಕೊಟ್ಟರು, ನಾನು ಬಾಯಲ್ಲಿ ಹೇಳಿದೆ. ಮುಚ್ಚಳದ ವಿಷಯ ಎಲ್ಲ ಹೇಳಿದೆ. ಬರೆದುಕೊಳ್ತಿದ್ದ ಹುಡುಗಿ ಎರಡು ಸಲ ಬರೆಯೋದು ನಿಲ್ಲಿಸಿದಳು. ಮಗಳಿಗೆ ಇದನ್ನ ಯಾವಾಗ ತಿಳಿಸಿದಿರಿ ಅಂತ ಚೀಟಿ ಬಂತು. ಮಾರ್ಚ್ ಎರಡಕ್ಕೆ ಕಾಗದ ಬರೆದೆ ಅಂದೆ. ಮುಂದಿನ ಚೀಟಿಯಲ್ಲಿ, ಯಾವತ್ತು ಅಂಚೆಗೆ ಹಾಕಿದಿರಿ ಅಂತಿತ್ತು.

ಆ ಚೀಟಿ ಕೈಯಲ್ಲಿ ಹಿಡಿದುಕೊಂಡಾಗ ನನಗೆ ಹೊಳೀತು ಮಗಳೇ. ನಿನ್ನ ಕಾಗದ ನನಗೆ ಮೂರನೇ ದಿನ ಬರುತ್ತೆ. ನನ್ನದೂ ನಿನಗೆ ಮೂರನೇ ದಿನ ತಲುಪುತ್ತೆ. ಒಂದು ಸಲವೂ ತಪ್ಪಿಲ್ಲ. ಅದೊಂದು ಕಾಗದಕ್ಕೆ ಮಾತ್ರ ಹದಿನಾಲ್ಕು ದಿನ ಹಿಡೀತು ಅಂತ ನೀನು ಬರೆದೆ, ನಾನು ನಂಬಿದೆ. ನೀನು ನೀವು ಅಂದಿದ್ದು ಕೋಪಕ್ಕೆ ಅಂದುಕೊಂಡಿದ್ದೆ. ಬರಬೇಡಿ ಅಂದಿದ್ದು ನನ್ನ ಮೇಲಿನ ಹೇಸಿಗೆಗೆ ಅಂದುಕೊಂಡಿದ್ದೆ.

ಬರೆದವನು ಧೈರ್ಯ ಸಾಲದೆ ಜೇಬಲ್ಲೇ ಇಟ್ಟುಕೊಂಡಿದ್ದೆ, ಹದಿಮೂರಕ್ಕೆ ಅಂಚೆಗೆ ಹಾಕಿದೆ ಅಂತ ಅಧಿಕಾರಿಗೆ ಹೇಳಿದೆ. ಬರೆದುಕೊಂಡರು. ಸಹಿ ಹಾಕಿ ಅಂದರು, ಹಾಕಿದೆ.

ನಾನೇನೂ ಕೇಳಲ್ಲ. ನೀನೂ ಏನೂ ಹೇಳಬೇಡ. ಆ ಕವರಿನ ಮೇಲೆ ಅಂಚೆ ಮುದ್ರೆ ಇರುತ್ತೆ, ಅದನ್ನ ಸುಟ್ಟು ಹಾಕು. ನನಗೆ ಅರವತ್ತೆಂಟು, ಏನು ಮಾಡ್ತಾರೋ ಮಾಡಲಿ. ನಿನಗೆ ಇನ್ನೂ ಬದುಕೋದಿದೆ.

ಮಾವನಿಗೆ ಹೇಳಿಬಿಟ್ಟೆ. ತನಿಖೆಯವರು ಮನೆಗೆ ಬರೋ ಮುಂಚೆ ನನ್ನ ಬಾಯಲ್ಲೇ ಕೇಳಲಿ ಅಂತ. ಅವನಿಗೆ ಆ ದಿನ ನೆನಪೇ ಇಲ್ಲ. ಯಾವ ಬಾವಿ ಭಾವ ಅಂತ ಕೇಳ್ತಾನೆ.

ನಿನ್ನ ಅಪ್ಪ


ಏಪ್ರಿಲ್ 8

ಅಪ್ಪ,

ನಿನ್ನ ಕಾಗದ ಆರಕ್ಕೆ ಬಂತು. ಎರಡು ದಿನ ಬೇಕಾಯ್ತು ನನಗೆ. ಇವತ್ತು ಬೆಳಿಗ್ಗೆ ತನಿಖೆಯವರ ಹತ್ತಿರ ಹೋಗಿ ನಿನ್ನ ಮಾರ್ಚ್ ಎರಡರ ಪತ್ರ ಕೊಟ್ಟು ಬಂದೆ, ಕವರ್ ಸಮೇತ. ನಿನ್ನ ಹೇಳಿಕೆ ಸುಳ್ಳಾಗುತ್ತೆ, ನಿನ್ನನ್ನ ಮತ್ತೆ ಕರೆಸ್ತಾರೆ. ಕ್ಷಮಿಸು. ಮಾವನಿಗೋಸ್ಕರ ಒಂದು ಸಹಿ ಹಾಕಿದೆ, ನನಗೋಸ್ಕರ ಇನ್ನೊಂದು ಹಾಕಿದೆ. ಇನ್ನು ಸಾಕು ಅಪ್ಪ.

ಪತ್ರ ಐದಕ್ಕೇ ಬಂತು. ಹನ್ನೊಂದು ಗಂಟೆಗೆ, ಪ್ರಯೋಗಾಲಯದ ಬಾಗಿಲಲ್ಲಿ ಅಂಚೆಯವರ ಕೈಯಿಂದ ತಗೊಂಡು ನಿಂತಲ್ಲೇ ಓದಿದೆ. ಗೈಡ್ ಹತ್ತಿರ ಹೇಳಬೇಕು ಅಂತ ಅವರ ಕೋಣೆವರೆಗೂ ಹೋದೆ. ಒಳಗೆ ಒಂಬತ್ತನೇ ತಾರೀಖಿಗೆ ಬರೋರ ಪಟ್ಟಿ ಓದ್ತಿದ್ದರು. ಹಸಿರು ಯಾಕೆ ಹಾಕಿದೆ ಅಂತ ಕೇಳಿದರೆ ಏನು ಹೇಳಲಿ? ಅಪ್ಪನ ಸಹಿ ನೋಡಿ ಹಾಕಿದೆ ಅಂತಲಾ? ಆರಿದ ಹೊತ್ತು ಬರೆದಿಲ್ಲ ಅಂತ ಗೊತ್ತಿದ್ದೂ ಹಾಕಿದೆ ಅಂತಲಾ? ಆವತ್ತೇ ನನ್ನ ಸೀಟು ಹೋಗ್ತಿತ್ತು. ವಾಪಸ್ ಬಂದು ಮೇಜಿಗೆ ಕೂತೆ. ಮೂವತ್ತು ವರ್ಷ ತಡೆದಿದೆ, ಇನ್ನೊಂದು ತಿಂಗಳು ತಡೆಯುತ್ತೆ ಅಂದುಕೊಂಡೆ. ನೀನು ಖಾಲಿ ಬಾವಿ ಅಂದುಕೊಂಡೆಯಲ್ಲ, ಹಾಗೇ. ಯಾರಿಗೂ ಗೊತ್ತಾಗದ ಹಾಗೆ ಆ ಗುಂಡಿಗೊಂದು ಕೂಗೋ ಯಂತ್ರ ಇಡೋಣ ಅಂತ ಉಗ್ರಾಣಕ್ಕೆ ಚೀಟಿ ಬರೆದೆ. ಅದು ಹದಿನಾರಕ್ಕೆ ಬಂತು. ಪೆಟ್ಟಿಗೆ ಇನ್ನೂ ಮೇಜಿನ ಕೆಳಗಿದೆ, ಬಿಚ್ಚಿಲ್ಲ.

ನೀನು ಕೊಂದೆ ಅಂತ ಬರೆದೆಯಲ್ಲ, ಅದನ್ನ ಓದಿಯೂ ನಾನು ಸುಮ್ಮನಿದ್ದೆ. ಹದಿನೈದು ದಿನ ನಿನ್ನನ್ನ ಹಾಗೇ ನಂಬಿಸಿದೆ. ಇದಕ್ಕೆ ನಾನು ಕ್ಷಮೆ ಕೇಳಲ್ಲ, ಕೇಳೋಕೆ ಮುಖ ಇಲ್ಲ.

ಸೀಟು ಹೋಯ್ತು. ನಾಳೆ ಕೋಣೆ ಖಾಲಿ ಮಾಡಬೇಕು, ಆದರೆ ಕೇಸು ಮುಗಿಯೋವರೆಗೂ ಊರು ಬಿಡೋ ಹಾಗಿಲ್ಲ. ಹೊಸ ವಿಳಾಸ ಬರೀತೀನಿ.

ಗೇಜಣ್ಣನ ಹೆಂಡತಿಗೂ ಹೇಳಿ ಬಂದೆ. ಈ ಸಲ ಬಾಗಿಲು ತಟ್ಟಿದೆ. ಪೂರ್ತಿ ಕೇಳಿಸಿಕೊಂಡು, ದೊಡ್ಡವಳನ್ನ ಒಳಗೆ ಕಳಿಸಿ, ಒಂದೇ ಮಾತು ಕೇಳಿದಳು. ಅವರು ಯಾವತ್ತೂ ತಲೆ ಮುಟ್ಟಬೇಕು ಅಂತ ಹೇಳ್ತಿದ್ದರು, ಆವತ್ತು ಯಾಕೆ ನೋಡದೆ ಇಳಿದರು ಅಂತ.

ಅವರು ನೋಡದೆ ಇಳೀಲಿಲ್ಲ ಅಪ್ಪ. ಹದಿನಾಲ್ಕರ ಬೆಳಿಗ್ಗೆ ಗುಂಡಿ ಅಂಚಲ್ಲಿ ನಿಂತು ನನ್ನನ್ನ ಕರೆದಿದ್ದರು. ಡಾಕ್ಟರಮ್ಮ, ಹನ್ನೊಂದರ ಗೇಜು ನಿನ್ನೆ ಯಾಕೋ ಏರಿತ್ತು, ಇಳೀಲಾ ಬೇಡ್ವಾ ಅಂತ ಕೇಳಿದರು. ನಿನ್ನ ಪತ್ರ ನನ್ನ ಕೋಟಿನ ಜೇಬಲ್ಲಿತ್ತು. ನಮ್ಮಪ್ಪ ಮುಚ್ಚಿದ ಬಾವಿ ಅಣ್ಣ, ಏನೂ ಆಗಲ್ಲ, ಇಳೀರಿ ಅಂದೆ. ಹಾಗಾದರೆ ಸರಿ ಅಂತ ನಕ್ಕು ಇಳಿದರು. ಇದನ್ನ ಅವಳಿಗೆ ಹೇಳಿದ್ದೀನಿ, ತನಿಖೆಯವರ ಹತ್ತಿರವೂ ಬರೆಸಿ ಸಹಿ ಹಾಕಿದ್ದೀನಿ.

ನಿನ್ನ ಮಗಳು